ಪತ್ತಾಯ ತುಂಬಿದ್ದರೆ ಸಾಲದು

ಪತ್ತಾಯ ತುಂಬಿದ ಮನೆಯವರಿಗೆ ಆ ವರ್ಷ ನೆಮ್ಮದಿ. ಆದರೆ ಪತ್ತಾಯದ ಭತ್ತವನ್ನು ಯಾರೂ ಹಾಗೆಯೇ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅದನ್ನು ಬೇಯಿಸಿ ಒಣಗಿಸಬೇಕು, ಮಿಲ್ಲಿಗೆ ಒಯ್ದು ಅಕ್ಕಿ ಮಾಡಿಸಬೇಕು, ಒಲೆ ಉರಿಸಿ ಗಂಜಿ ಮಾಡಬೇಕು. ಈ ಕೆಲಸಗಳಲ್ಲಿ ಯಾವುದಾದರೂ ಒಂದು ನಿಂತರೆ ತುಂಬಿದ ಪತ್ತಾಯದ ಎದುರಿನಲ್ಲೇ ಹಸಿದು ಕುಳಿತುಕೊಳ್ಳಬೇಕಾಗುತ್ತದೆ.

ನಮ್ಮ ದೇಹ, ಹಟ್ಟಿಯ ದನ, ತೋಟದ ಅಡಿಕೆ ಮರ, ಬಿತ್ತನೆಗೆ ಇಟ್ಟ ಬೀಜ, ಇವೆಲ್ಲವುಗಳ ಕಥೆಯೂ ಇದೇ. ಪ್ರತಿಯೊಂದು ಜೀವಕೋಶದ ಹಿಂದೆ ಶಕ್ತಿಯ ಪತ್ತಾಯವಿದೆ. ಅಲ್ಲಿಂದ ಶಕ್ತಿಯನ್ನು ಹೊರತೆಗೆಯುವ ದಾರಿಯೂ ಇದೆ. ನಾವು ಸಾಮಾನ್ಯವಾಗಿ ಪತ್ತಾಯದ ಬಗ್ಗೆ ಯೋಚಿಸುತ್ತೇವೆ: ಚೆನ್ನಾಗಿ ಉಣ್ಣಬೇಕು, ದನಕ್ಕೆ ಹಿಂಡಿ ಹಾಕಬೇಕು, ಗಿಡಕ್ಕೆ ಗೊಬ್ಬರ ಕೊಡಬೇಕು ಎನ್ನುತ್ತೇವೆ. ದಾರಿಯ ಬಗ್ಗೆ ಯೋಚಿಸುವುದು ಕಡಿಮೆ. ಆದರೆ ಕೃಷಿಕರ ಮನೆಗಳಲ್ಲಿ ಆಗುವ ಕೆಲವು ದೊಡ್ಡ ನಷ್ಟಗಳು, ಕೆಲವೊಮ್ಮೆ ಸಾವುಗಳೂ, ಪತ್ತಾಯ ಖಾಲಿಯಾಗಿ ಆದವುಗಳಲ್ಲ, ದಾರಿ ಕಟ್ಟಿಹೋಗಿ ಆದವು. ಆದುದರಿಂದ ಈ ಸಲ ಆ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಬಿಸಿಲನ್ನು ಕಟ್ಟಿಡುವ ಬಗೆ

ಶಕ್ತಿಯ ಮೂಲ ಸೂರ್ಯ. ಎಲೆಯಲ್ಲಿರುವ ಪತ್ರಹರಿತ್ತು ಬಿಸಿಲನ್ನು ಹಿಡಿಯುತ್ತದೆ. ಆ ಬಲದಿಂದ ಗಿಡವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಬೇರಿನಿಂದ ಬಂದ ನೀರನ್ನೂ ಸೇರಿಸಿ ಸಕ್ಕರೆ ತಯಾರಿಸುತ್ತದೆ. ಆದರೆ ಸಕ್ಕರೆಯನ್ನು ಸಕ್ಕರೆಯಾಗಿಯೇ ಬಹಳ ಕೂಡಿಡುವುದು ಕಷ್ಟ. ಅದು ನೀರಿನಲ್ಲಿ ಕರಗುವ ವಸ್ತು. ಕೋಶದೊಳಗೆ ಹೆಚ್ಚಾದರೆ ಹೊರಗಿನ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಹೆಚ್ಚಿನ ಗಿಡಗಳು ಸಾವಿರಾರು ಸಕ್ಕರೆಯ ಕಣಗಳನ್ನು ಸರದ ಮಣಿಗಳಂತೆ ಪೋಣಿಸಿ ಪಿಷ್ಟ ಮಾಡಿ ಇಡುತ್ತವೆ. ಪಿಷ್ಟ ತಣ್ಣೀರಿನಲ್ಲಿ ಕರಗದು, ಇಟ್ಟಲ್ಲಿಯೇ ಇರುತ್ತದೆ. ಅಕ್ಕಿ, ಮರಗೆಣಸು, ಬಾಳೆಕಾಯಿ ಇವೆಲ್ಲ ಪಿಷ್ಟದ ಪತ್ತಾಯಗಳು. ಬಾಳೆಕಾಯಿ ಹಣ್ಣಾಗುವಾಗ ಸಿಹಿಯಾಗುವುದು ಪೋಣಿಸಿದ ಸರ ಬಿಚ್ಚಿ ಮತ್ತೆ ಸಕ್ಕರೆಯಾಗುವುದರಿಂದ.

ತೆಂಗು, ನೆಲಗಡಲೆ, ಗೇರುಬೀಜ ಮುಂತಾದವು ಇನ್ನೊಂದು ಉಪಾಯ ಮಾಡುತ್ತವೆ. ಅವು ಶಕ್ತಿಯನ್ನು ಹೆಚ್ಚಾಗಿ ಎಣ್ಣೆಯ ರೂಪದಲ್ಲಿ ಇಡುತ್ತವೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ ಶಕ್ತಿಯಿದ್ದರೆ, ಒಂದು ಗ್ರಾಂ ಎಣ್ಣೆಯಲ್ಲಿ ಸುಮಾರು 9 ಕ್ಯಾಲೊರಿ. ಕಡಿಮೆ ಜಾಗದಲ್ಲಿ ಹೆಚ್ಚು ಸಾಮಾನು ತುಂಬಿದ ಹಾಗೆ.

ಮೊಳಕೆಯೊಡೆದ ತೆಂಗಿನಕಾಯಿಯನ್ನು ಒಡೆದಾಗ ಒಳಗೆ ಬಿಳಿಯಾದ, ಹಗುರವಾದ, ಸಿಹಿಯಾದ ಒಂದು ಉಂಡೆ ಸಿಗುತ್ತದೆ. ಮಲಯಾಳದವರು ಅದನ್ನು ‘ಪೊಂಙು’ ಎನ್ನುತ್ತಾರೆ. ಅದಕ್ಕಾಗಿ ಜಗಳವಾಡದ ಮಕ್ಕಳಿಲ್ಲ. ಆ ಉಂಡೆಯೇ ಎಳೆ ಸಸಿಯ ಬಾಯಿ. ಅದು ಒಳಗಿನ ತಿರುಳನ್ನು ಹೀರಿಕೊಂಡು ಅದರ ಎಣ್ಣೆಯನ್ನು ಸಕ್ಕರೆಯಾಗಿ ಬದಲಿಸಿ ಸಸಿಗೆ ಕಳುಹಿಸುತ್ತದೆ. ಕೊಬ್ಬರಿಯಲ್ಲಿ ಎಣ್ಣೆಯಿದ್ದರೂ ಪೊಂಙು ಸಿಹಿಯಾಗಿರುವ ಗುಟ್ಟು ಇದೇ. ಬೀಜಗಳು ಎಣ್ಣೆಯನ್ನು ಸಕ್ಕರೆ ಮಾಡುವ ಈ ದಾರಿಯನ್ನು ಕಾರ್ನ್‌ಬರ್ಗ್ ಮತ್ತು ಕ್ರೆಬ್ಸ್ ಎಂಬ ವಿಜ್ಞಾನಿಗಳು 1957ರಲ್ಲಿ ವಿವರಿಸಿದರು. ನಮ್ಮ ದೇಹಕ್ಕೆ ಆ ವಿದ್ಯೆ ಇಲ್ಲ.

ನಮ್ಮ ದೇಹವೂ ದನಗಳ ದೇಹವೂ ಸಕ್ಕರೆಯನ್ನು ‘ಗ್ಲೈಕೋಜನ್’ ಎಂಬ ರೂಪದಲ್ಲಿ ಸ್ವಲ್ಪ ಮಾತ್ರ ಇಟ್ಟುಕೊಳ್ಳುತ್ತವೆ. ದೊಡ್ಡವರ ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಒಟ್ಟು ಸುಮಾರು 400 ಗ್ರಾಂ ಇರುತ್ತದೆ. ಉಳಿದ ಉಳಿತಾಯವೆಲ್ಲ ಕೊಬ್ಬು.

ಠೇವಣಿ ಬೇರೆ, ಚಿಲ್ಲರೆ ಬೇರೆ

ಬ್ಯಾಂಕಿನಲ್ಲಿ ಎಷ್ಟೇ ಠೇವಣಿ ಇರಲಿ, ಬಸ್ಸು ಹತ್ತಿದ ಮೇಲೆ ಕಂಡಕ್ಟರನಿಗೆ ಕೊಡಲು ಕೈಯಲ್ಲಿ ಚಿಲ್ಲರೆ ಬೇಕು. ಪಿಷ್ಟ ಮತ್ತು ಕೊಬ್ಬು ಠೇವಣಿಯ ಹಾಗೆ. ಜೀವಕೋಶದ ಚಿಲ್ಲರೆ ಹಣಕ್ಕೆ ಅಡಿನೋಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎ.ಟಿ.ಪಿ. ಎಂದು ಹೆಸರು. ಕೈ ಎತ್ತುವುದಕ್ಕೆ, ಹೃದಯ ಬಡಿಯುವುದಕ್ಕೆ, ಬೇರು ಗೊಬ್ಬರದ ಸಾರವನ್ನು ಒಳಗೆಳೆಯುವುದಕ್ಕೆ, ಹಸುವಿನ ಕೆಚ್ಚಲಲ್ಲಿ ಹಾಲು ತಯಾರಾಗುವುದಕ್ಕೆ, ಎಲ್ಲ ಕಡೆಯೂ ಇದೇ ನಾಣ್ಯ ಚಲಾವಣೆಯಾಗುತ್ತದೆ. ಹುಲ್ಲಿಗೂ ಆನೆಗೂ ಮನುಷ್ಯನಿಗೂ ನಾಣ್ಯ ಒಂದೇ.

ಇದರ ಬಾಲದಲ್ಲಿ ಮೂರು ರಂಜಕದ ಕೊಂಡಿಗಳಿವೆ. ಕೊನೆಯ ಕೊಂಡಿ ಕಳಚಿದಾಗ ಶಕ್ತಿ ಬಿಡುಗಡೆಯಾಗಿ ಕೆಲಸ ನಡೆಯುತ್ತದೆ. ಆಹಾರದ ಶಕ್ತಿಯಿಂದ ಆ ಕೊಂಡಿಯನ್ನು ಪುನಃ ಜೋಡಿಸಿದರೆ ನಾಣ್ಯ ಮತ್ತೆ ಸಿದ್ಧ. ತೆಂಗಿನ ಬುಡಕ್ಕೆ ನಾವು ಹಾಕುವ ಶಿಲಾರಂಜಕದಲ್ಲಿ, ಎಲುಬಿನ ಹುಡಿಯಲ್ಲಿ ಇರುವುದೂ ಇದೇ ರಂಜಕ. ರಂಜಕದ ಕೊರತೆಯಾದ ಗಿಡ ಕುಗ್ಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಈ ವಸ್ತುವನ್ನು ಕಂಡುಹಿಡಿದವರಲ್ಲಿ ನಮ್ಮ ದೇಶದವರೊಬ್ಬರು ಇದ್ದಾರೆ. ಯೆಲ್ಲಾಪ್ರಗಡ ಸುಬ್ಬರಾವ್ ಅವರು 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದರು. ಆಗ ನಮ್ಮ ಕಾಸರಗೋಡಿನಂತೆ ಅದೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅವರು ಅಮೆರಿಕಕ್ಕೆ ಹೋದರು. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಡನೆ ಸೇರಿ 1929ರಲ್ಲಿ ಮಾಂಸಖಂಡದಿಂದ ಎ.ಟಿ.ಪಿ.ಯನ್ನು ಬೇರ್ಪಡಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಹ್‌ಮನ್ ಕೂಡ ಬೇರೆಯಾಗಿ ಇದನ್ನು ಕಂಡುಹಿಡಿದರು. ಎಲ್ಲ ಜೀವಿಗಳಲ್ಲಿಯೂ ಶಕ್ತಿಯನ್ನು ಹೊತ್ತು ಸಾಗಿಸುವುದು ಇದೇ ಎಂದು 1941ರಲ್ಲಿ ವಿವರಿಸಿದವರು ಫ್ರಿಟ್ಸ್ ಲಿಪ್‌ಮನ್.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಚಿಲ್ಲರೆಯನ್ನು ಕೂಡಿಡಲು ಆಗುವುದಿಲ್ಲ. ಒಬ್ಬ ಮನುಷ್ಯನ ದೇಹದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಎ.ಟಿ.ಪಿ. 100 ಗ್ರಾಂಗಿಂತ ಹೆಚ್ಚಿಲ್ಲ. ಜೋರಾಗಿ ಕೆಲಸ ಮಾಡುವ ಮಾಂಸಖಂಡಕ್ಕೆ ಅದು ಕೆಲವೇ ಸೆಕೆಂಡುಗಳಿಗೆ ಸಾಕು. ಆದರೆ ಅದೇ ನಾಣ್ಯಗಳು ದಿನಕ್ಕೆ ಸಾವಿರ ಸಲಕ್ಕೆ ಸಮೀಪ ಖರ್ಚಾಗಿ ಮತ್ತೆ ತಯಾರಾಗುವುದರಿಂದ, ಒಂದು ದಿನದಲ್ಲಿ ಒಟ್ಟಾರೆ ತಯಾರಾಗುವ ಎ.ಟಿ.ಪಿ. ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟಾಗುತ್ತದೆ. ಊಟವಿಲ್ಲದೆ ವಾರಗಟ್ಟಲೆ ಬದುಕಿದವರಿದ್ದಾರೆ. ಉಸಿರಿಲ್ಲದೆ ಹತ್ತು ನಿಮಿಷ ಬದುಕುವುದು ಕಷ್ಟ. ಏಕೆಂದರೆ ಊಟ ಪತ್ತಾಯಕ್ಕೆ ಸೇರಿದ್ದು, ಉಸಿರು ದಾರಿಗೆ ಸೇರಿದ್ದು.

ಕೋಶದೊಳಗಿನ ಕಟ್ಟ

ಸೌದೆ ಒಲೆಯಲ್ಲಿ ಉರಿದರೆ ಅದರ ಶಕ್ತಿಯೆಲ್ಲ ಒಮ್ಮೆಲೇ ಬಿಸಿಯಾಗಿ ಹೋಗುತ್ತದೆ. ಜೀವಕೋಶ ಹಾಗೆ ಮಾಡಿದರೆ ಸುಟ್ಟುಹೋದೀತು. ಆದ್ದರಿಂದ ಅದು ಆಹಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಮೊದಲಿನ ಮೆಟ್ಟಿಲುಗಳಲ್ಲಿ ಗ್ಲುಕೋಸ್ ಎರಡಾಗಿ ಒಡೆಯುತ್ತದೆ. ಇದಕ್ಕೆ ಗಾಳಿ ಬೇಡ, ಆದರೆ ಲಾಭವೂ ಅಲ್ಪ: ಒಂದು ಗ್ಲುಕೋಸಿಗೆ ಎರಡೇ ಎ.ಟಿ.ಪಿ. ಮುಂದಿನ ಕೆಲಸ ನಡೆಯುವುದು ಕೋಶದ ಒಳಗಿರುವ ‘ಮೈಟೋಕಾಂಡ್ರಿಯ’ ಎಂಬ ಪುಟ್ಟ ಕೋಣೆಗಳಲ್ಲಿ. ಅಲ್ಲಿ ಆಮ್ಲಜನಕದ ಸಹಾಯದಿಂದ ಉಳಿದ ಶಕ್ತಿಯೆಲ್ಲ ಹೊರಬಂದು, ಒಟ್ಟು ಲೆಕ್ಕ 30ರಿಂದ 32 ಎ.ಟಿ.ಪಿ.ಗಳಿಗೆ ಏರುತ್ತದೆ. ಹಳೆಯ ಪುಸ್ತಕಗಳಲ್ಲಿ 36 ಅಥವಾ 38 ಎಂದಿರುತ್ತದೆ. ಈಗಿನ ಲೆಕ್ಕ ಸ್ವಲ್ಪ ಕಡಿಮೆ.

ಆ ಕೋಣೆಯಲ್ಲಿ ನಡೆಯುವುದು ನಮಗೆ ಪರಿಚಯವಿರುವ ಕೆಲಸವೇ. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಕೃಷಿಕರು ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದ ಕಾಂಡ ಇವುಗಳಿಂದ ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟುತ್ತಾರೆ. ಒಂದು ಬದಿಯಲ್ಲಿ ನೀರು ಏರಿ ನಿಲ್ಲುತ್ತದೆ. ಅದನ್ನು ಒಂದೇ ಕಂಡಿಯಿಂದ ಬಿಟ್ಟರೆ ಬಲವಾಗಿ ನುಗ್ಗುತ್ತದೆ. ಅಲ್ಲಿ ಒಂದು ಚಕ್ರ ಇಟ್ಟರೆ ಅದು ತಿರುಗೀತು. ಮೈಟೋಕಾಂಡ್ರಿಯದ ಒಳಪೊರೆಯೇ ಕಟ್ಟ. ಆಹಾರದ ಶಕ್ತಿಯಿಂದ ಜಲಜನಕದ ಅತಿ ಸೂಕ್ಷ್ಮ ಕಣಗಳನ್ನು ಪೊರೆಯ ಆಚೆ ಬದಿಗೆ ಪಂಪು ಮಾಡಲಾಗುತ್ತದೆ. ಅವು ಮರಳಿ ಬರಲು ಇರುವ ಕಂಡಿಯಲ್ಲಿ ನಿಜವಾಗಿಯೂ ತಿರುಗುವ ಒಂದು ಚಕ್ರವಿದೆ. ಚಕ್ರ ಒಂದು ಸುತ್ತು ಬಂದರೆ ಮೂರು ಎ.ಟಿ.ಪಿ. ತಯಾರು.

ಹೀಗೊಂದು ಕಟ್ಟ ಇದೆಯೆಂದು 1961ರಲ್ಲಿ ಹೇಳಿದವರು ಇಂಗ್ಲೆಂಡಿನ ಪೀಟರ್ ಮಿಚೆಲ್. ಹಲವು ವರ್ಷ ಬಹಳ ವಿಜ್ಞಾನಿಗಳು ಒಪ್ಪಲಿಲ್ಲ. ಕೊನೆಗೆ 1978ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಚಕ್ರದ ಕೆಲಸವನ್ನು ಬಿಡಿಸಿ ತೋರಿಸಿದ ಪಾಲ್ ಬೋಯರ್ ಮತ್ತು ಜಾನ್ ವಾಕರ್ ಅವರಿಗೆ 1997ರಲ್ಲಿ ಅದೇ ಬಹುಮಾನದ ಪಾಲು ದೊರೆಯಿತು. ಆ ಚಕ್ರ ತಿರುಗುವುದನ್ನು ಜಪಾನಿನ ವಿಜ್ಞಾನಿಗಳು ಅದೇ ವರ್ಷ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿಯೂ ಆಹಾರದ ಶಕ್ತಿಯಲ್ಲಿ ಸುಮಾರು ಶೇಕಡಾ 40ರಷ್ಟು ಮಾತ್ರ ನಾಣ್ಯವಾಗುತ್ತದೆ. ಉಳಿದದ್ದು ಬಿಸಿ. ನಮ್ಮ ಮೈ ಬೆಚ್ಚಗಿರುವುದು ಅದರಿಂದಲೇ.

ಬೇರಿಗೂ ಉಸಿರು ಬೇಕು

ಆಮ್ಲಜನಕವಿಲ್ಲದಿದ್ದರೆ ಕಟ್ಟದ ಕೆಲಸ ನಿಲ್ಲುತ್ತದೆ, ಮೊದಲಿನ ಎರಡು ಎ.ಟಿ.ಪಿ.ಗಳಲ್ಲಿಯೇ ತೃಪ್ತಿಪಡಬೇಕು. ಹುದುಗಿನ ಜೀವಿಗಳು ಹೀಗೆ ಬದುಕಬಲ್ಲವು. ಸನ್ನದ ಹಿಟ್ಟಿಗೆ ಕಳ್ಳು ಹಾಕಿಟ್ಟಾಗ ಅವು ಹಿಟ್ಟಿನೊಳಗೆ ಗಾಳಿಯಿಲ್ಲದೆ ಸಕ್ಕರೆಯನ್ನು ಒಡೆಯುತ್ತವೆ. ಆಗ ಹೊರಡುವ ಅನಿಲವೇ ಹಿಟ್ಟನ್ನು ಉಬ್ಬಿಸುವುದು.

ಆದರೆ ಅಡಿಕೆಯ, ತೆಂಗಿನ, ಕರಿಮೆಣಸಿನ ಬೇರು ಹೀಗೆ ಬಹಳ ದಿನ ಬದುಕಲಾರದು. ಮಣ್ಣಿನ ಸಂದುಗಳಲ್ಲಿ ಗಾಳಿಯಿದ್ದರೆ ಬೇರು ಉಸಿರಾಡುತ್ತದೆ. ಕಣಿ ಮುಚ್ಚಿ ಬುಡದಲ್ಲಿ ನೀರು ನಿಂತರೆ ಆ ಸಂದುಗಳಲ್ಲಿ ನೀರು ತುಂಬುತ್ತದೆ. ಹದಿನೈದು ಪಾಲು ಆದಾಯವಿದ್ದ ಮನೆಗೆ ಒಂದು ಪಾಲು ಮಾತ್ರ ಬಂದ ಹಾಗೆ ಬೇರಿನ ಸ್ಥಿತಿ. ಗೊಬ್ಬರ ಬುಡದಲ್ಲಿದ್ದರೂ ಒಳಗೆಳೆಯಲು ಶಕ್ತಿಯಿಲ್ಲ. ಸುತ್ತ ನೀರಿದ್ದೂ ಎಲೆ ಬಾಡುತ್ತದೆ. ಹಳದಿಯಾಯಿತೆಂದು ಇನ್ನಷ್ಟು ಗೊಬ್ಬರ ಸುರಿದರೆ ಹಣ ವ್ಯರ್ಥ. ಮೊದಲು ಕಣಿ ಬಿಡಿಸಬೇಕು. ದುರ್ಬಲವಾದ ಬೇರಿಗೆ ಕೊಳೆರೋಗವೂ ಬೇಗ ತಗಲುತ್ತದೆ.

ಹಾಗಾದರೆ ಭತ್ತ ನೀರಿನಲ್ಲಿ ನಿಲ್ಲುವುದು ಹೇಗೆ? ಅದರ ಕಾಂಡ ಮತ್ತು ಬೇರಿನೊಳಗೆ ಕೊಳವೆಗಳಂಥ ಗಾಳಿಯ ಜಾಗಗಳಿವೆ. ಎಲೆಯಿಂದ ಬೇರಿನ ತನಕ ಗಾಳಿ ಇಳಿಯುತ್ತದೆ. ಆದುದರಿಂದಲೇ ನೇಜಿಯ ತುದಿ ಬಹಳ ದಿನ ನೀರಿನಲ್ಲಿ ಮುಳುಗಿದರೆ ಭತ್ತವೂ ಸೋಲುತ್ತದೆ.

ಬೀಜ ಸತ್ತಿಲ್ಲ, ಮಲಗಿದೆ

ಒಣಗಿಸಿಟ್ಟ ಬಿತ್ತನೆ ಭತ್ತ ಕಲ್ಲಿನಂತೆ ಕಂಡರೂ ಅದು ಜೀವಂತ. ಅತಿ ನಿಧಾನವಾಗಿ ಉಸಿರಾಡುತ್ತಾ ತನ್ನ ಪತ್ತಾಯವನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡುತ್ತಿರುತ್ತದೆ. ತೇವ ಹೆಚ್ಚಿದ್ದರೆ ಉಸಿರಾಟ ಹೆಚ್ಚು. ಉಸಿರಾಟ ಹೆಚ್ಚಿದರೆ ಬಿಸಿ ಮತ್ತು ತೇವ ಇನ್ನೂ ಹೆಚ್ಚು. ಹಸಿ ಭತ್ತದ ರಾಶಿ ಒಳಗೊಳಗೇ ಬಿಸಿಯಾಗಿ ಬೂಸಲು ಹಿಡಿದು ಕೆಡುವುದು ಹೀಗೆ. ಬೂಸಲೂ ಉಸಿರಾಡುವ ಜೀವಿಯೇ ಆದುದರಿಂದ ಬಿಸಿ ಮತ್ತಷ್ಟು ಏರುತ್ತದೆ.

ಬೀಜ ತಜ್ಞರು ಒಂದು ಸ್ಥೂಲ ಲೆಕ್ಕವನ್ನು ಹೇಳುತ್ತಾರೆ: ಬೀಜದ ತೇವ ಶೇಕಡಾ 1ರಷ್ಟು ಕಡಿಮೆಯಾದರೆ ಅದರ ಬಾಳಿಕೆ ಇಮ್ಮಡಿಯಾಗುತ್ತದೆ. ಭತ್ತದ ಬೀಜವನ್ನು ಶೇಕಡಾ 12-13ರಷ್ಟು ತೇವಕ್ಕೆ ಒಣಗಿಸಿ ಇಡಬೇಕು. ನಮ್ಮ ಹಿರಿಯರು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಬೈಹುಲ್ಲಿನಲ್ಲಿ ಬಿಗಿಯಾಗಿ ಮುಡಿ ಕಟ್ಟಿ, ಅಟ್ಟದಲ್ಲಿ ಒಲೆಯ ಹೊಗೆ ತಗಲುವಲ್ಲಿ ಇಡುತ್ತಿದ್ದುದರ ಅರ್ಥ ಇದೇ. ಆದರೆ ಈ ನಿಯಮ ಅಡಿಕೆಗೂ ರಬ್ಬರಿಗೂ ಸಲ್ಲದು. ಅವುಗಳ ಬೀಜ ಒಣಗಿದರೆ ಸಾಯುತ್ತದೆ. ಗೋಟಡಿಕೆಯನ್ನು ಸಸಿ ಮಾಡಲು ಕೊಯ್ದ ಬಳಿಕ ತಡಮಾಡದೆ ಮಣ್ಣಿಗೆ ಇಡಬೇಕು.

ಬಿತ್ತನೆಗೆ ಮೊದಲು ಭತ್ತ ನೆನೆಹಾಕಿ ಗೋಣಿಯಲ್ಲಿ ಮುಚ್ಚಿಟ್ಟು, ಮರುದಿನ ಅದರೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ನೀರು ತಾಗಿದ ಕೂಡಲೆ ಬೀಜ ಎಚ್ಚೆತ್ತು, ಪಿಷ್ಟದ ಸರ ಬಿಚ್ಚಿ, ಸಕ್ಕರೆ ಮಾಡಿ, ಜೋರಾಗಿ ಉಸಿರಾಡುತ್ತಿದೆ ಎಂದು ಅರ್ಥ. ಆ ಬಿಸಿ ಮಿತಿಮೀರಿದರೆ ಮೊಳಕೆ ಬೆಂದುಹೋಗುತ್ತದೆ. ಗೋಣಿಯನ್ನು ಬಿಗಿದು ಕಟ್ಟದೆ, ಆಗಾಗ ಮಗುಚಿ, ನೀರು ಚಿಮುಕಿಸಬೇಕು.

ಕುಚ್ಚಲಕ್ಕಿಯ ಗುಟ್ಟು

ಮೈಟೋಕಾಂಡ್ರಿಯದ ಬಾಗಿಲು ತೆರೆಯಲು ಒಂದು ಕೀಲಿಕೈ ಬೇಕು. ಅದು ‘ಬಿ-1’ ಜೀವಸತ್ವ, ಅಂದರೆ ಥಯಾಮಿನ್. ಅದಿಲ್ಲದಿದ್ದರೆ ಗ್ಲುಕೋಸ್ ಬಾಗಿಲ ತನಕ ಬಂದು ಅಲ್ಲಿಯೇ ನಿಲ್ಲುತ್ತದೆ. ಹೊಟ್ಟೆ ತುಂಬ ಅನ್ನವುಂಡರೂ ನರಗಳಿಗೂ ಹೃದಯಕ್ಕೂ ಶಕ್ತಿ ಸಾಲದು. ಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಕೆಲವರಿಗೆ ಮೈ ಊದಿ ಹೃದಯ ಸೋಲುವುದು, ಇದಕ್ಕೆ ಬೆರಿಬೆರಿ ರೋಗ ಎಂದು ಹೆಸರು.

ಇದರ ಸುಳಿವು ಕೊಟ್ಟದ್ದು ಕೋಳಿಗಳು. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರು 1890ರ ದಶಕದಲ್ಲಿ, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಇರುವ ಅಕ್ಕಿ ಕೊಟ್ಟರೆ ಚೇತರಿಸುವುದನ್ನೂ ಗಮನಿಸಿದರು. ಅವರಿಗೆ 1929ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಬಿ-1 ಇರುವುದು ಹೆಚ್ಚಾಗಿ ತೌಡಿನಲ್ಲಿ. ಭತ್ತವನ್ನು ಬೇಯಿಸಿ ಕುಚ್ಚಲಕ್ಕಿ ಮಾಡುವಾಗ ಅದರ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ತೆಗೆದರೂ ಅದು ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯನ್ನು ಹಾಲಿನಂತೆ ಬೆಳ್ಳಗೆ ಪಾಲಿಶ್ ಮಾಡಿಸಿ, ಮೂರು ನಾಲ್ಕು ನೀರಿನಲ್ಲಿ ತೊಳೆದು, ಬೇಯಿಸಿದ ನೀರನ್ನೂ ಬಸಿದು ಚೆಲ್ಲಿದರೆ ಉಳಿಯುವುದು ಬಹಳ ಕಡಿಮೆ. ಗಂಜಿಯ ತಿಳಿಯನ್ನು ಕುಡಿಯುವ ನಮ್ಮ ರೂಢಿ ಒಳ್ಳೆಯದು.

ಇನ್ನೊಂದು ಮಾತನ್ನೂ ಹೇಳಲೇಬೇಕು. ದಿನವೂ ಹೆಚ್ಚು ಕುಡಿಯುವವರಲ್ಲಿ ಈ ಕೀಲಿಕೈಯ ಕೊರತೆ ಸಾಮಾನ್ಯ. ಅವರು ಸರಿಯಾಗಿ ಉಣ್ಣುವುದಿಲ್ಲ, ಮದ್ಯದಿಂದ ಕರುಳು ಬಿ-1ನ್ನು ಹೀರುವುದೂ ಕಡಿಮೆಯಾಗುತ್ತದೆ. ಕುಡಿತ ಬಿಡಲು ಹೊರಟವರನ್ನು ಮನೆಯಲ್ಲಿ ಕೂಡಿಹಾಕದೆ ವೈದ್ಯರ ಬಳಿ ಕರೆದೊಯ್ಯಬೇಕು. ಬಿ-1 ಕೊಡುವುದು ಆ ಚಿಕಿತ್ಸೆಯ ಒಂದು ಭಾಗ.

ಕೊನೆಯ ಮೆಟ್ಟಿಲು ಕಟ್ಟಿದಾಗ

ಕಟ್ಟದ ಪಂಪುಗಳ ಸಾಲಿನಲ್ಲಿ ಕೊನೆಯ ಮೆಟ್ಟಿಲು ಆಮ್ಲಜನಕವನ್ನು ಬಳಸಿಕೊಳ್ಳುವ ಮೆಟ್ಟಿಲು. ಅದನ್ನು ಮುಚ್ಚಿಬಿಡುವ ವಿಷ ಸಯನೈಡ್. ನಮ್ಮ ಗುಡ್ಡೆಗಳಲ್ಲಿ ಬೆಳೆಯುವ ಮರಗೆಣಸಿನಲ್ಲಿ ಸಯನೈಡ್ ಕೊಡುವ ವಸ್ತು ಇದೆ. ಗೆಡ್ಡೆಗಿಂತ ಸಿಪ್ಪೆಯಲ್ಲಿ, ಎಲೆಯಲ್ಲಿ ಹೆಚ್ಚು, ಕಹಿ ತಳಿಗಳಲ್ಲಿ ಇನ್ನೂ ಹೆಚ್ಚು. ಕೋಶ ಇಡಿಯಾಗಿರುವಾಗ ಆ ವಸ್ತುವೂ ಅದನ್ನು ಒಡೆಯುವ ಕಿಣ್ವವೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಕೊಯ್ದಾಗ, ಜಗಿದಾಗ ಎರಡೂ ಸೇರಿ ವಿಷ ಹೊರಡುತ್ತದೆ.

ಹೆದರುವ ಅಗತ್ಯವಿಲ್ಲ, ಸರಿಯಾಗಿ ಅಡುಗೆ ಮಾಡಿದರೆ ಸಾಕು. ಸಿಪ್ಪೆಯನ್ನು ಪೂರ್ತಿ ತೆಗೆದು, ಸಣ್ಣ ತುಂಡು ಮಾಡಿ, ಧಾರಾಳ ನೀರಿನಲ್ಲಿ, ಮುಚ್ಚಳ ತೆರೆದು ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಅಕ್ಕಿಯ ತಿಳಿ ಕುಡಿಯಬೇಕು, ಮರಗೆಣಸಿನ ನೀರು ಚೆಲ್ಲಬೇಕು. ಈ ಎರಡನ್ನು ಅದಲುಬದಲು ಮಾಡಬಾರದು. ಹಸಿ ಮರಗೆಣಸನ್ನು ಮಕ್ಕಳು ಕಡಿದು ತಿನ್ನದಂತೆ ನೋಡಿಕೊಳ್ಳಿ.

ಹೆಚ್ಚಿನ ಅಪಾಯ ದನಗಳಿಗೆ. ಕಟ್ಟು ಬಿಚ್ಚಿಕೊಂಡ ಹಸು ಮರಗೆಣಸಿನ ಸೊಪ್ಪು ಅಥವಾ ಸಿಪ್ಪೆಯ ರಾಶಿಗೆ ಬಾಯಿ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬಿಡುತ್ತಾ ಬೀಳಬಹುದು. ರಬ್ಬರಿನ ಹಸಿ ಎಲೆಯಲ್ಲಿಯೂ ಇದೇ ವಸ್ತುವಿದೆ. ಸೊಲ್ಲಾಪುರ, ಅಕ್ಕಲಕೋಟೆ, ರಾಯದುರ್ಗದ ಕಡೆಯ ನಮ್ಮ ಬಂಧುಗಳಿಗೆ ಎಳೆ ಜೋಳದ ಪೈರಿನ ಅಪಾಯ ಗೊತ್ತೇ ಇದೆ. ಬರ ತಾಗಿ ಕುಗ್ಗಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ, ಇವುಗಳಲ್ಲಿಯೂ ಸಯನೈಡ್ ಕೊಡುವ ವಸ್ತು ಹೆಚ್ಚಾಗಿರುತ್ತದೆ. ವಿಷ ತಾಗಿದ ಹಸುವಿನ ರಕ್ತ ಮೊದಲಿಗೆ ಸಾಮಾನ್ಯಕ್ಕಿಂತ ಕೆಂಪಾಗಿರುತ್ತದೆ. ಏಕೆಂದರೆ ರಕ್ತದಲ್ಲಿ ಆಮ್ಲಜನಕ ತುಂಬಿದೆ, ಆದರೆ ಕೋಶ ಅದನ್ನು ಬಳಸಲಾರದು. ಹೊಟ್ಟೆ ತುಂಬಿದೆ, ಉಸಿರೂ ಇದೆ, ಆದರೂ ಜೀವ ಹೋಗುತ್ತದೆ. ಇದಕ್ಕೆ ಚುಚ್ಚುಮದ್ದು ಉಂಟು, ಆದರೆ ಸಮಯ ಬಹಳ ಕಡಿಮೆ. ನಾಟಿ ಮದ್ದಿಗಾಗಿ ಕಾಯದೆ ಪಶುವೈದ್ಯರನ್ನು ಕೂಡಲೆ ಕರೆಸಿ.

ಅದೇ ಕೊನೆಯ ಮೆಟ್ಟಿಲಿಗೆ ಹೊಡೆತ ಕೊಡುವ ಇನ್ನೊಂದು ವಸ್ತು ಧಾನ್ಯಕ್ಕೆ ಹುಳ ಹಿಡಿಯದಂತೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಹುಳದ ಉಸಿರಿನ ದಾರಿಯೂ ನಮ್ಮ ಉಸಿರಿನ ದಾರಿಯೂ ಒಂದೇ. ಹುಳಕ್ಕೆ ವಿಷವಾದದ್ದು ಮಗುವಿಗೂ ವಿಷ. ಈ ವಿಷಕ್ಕೆ ನಿರ್ದಿಷ್ಟ ಪ್ರತಿಮದ್ದು ಇಲ್ಲ. ಜನ ಮಲಗುವ ಮನೆಯಲ್ಲಿ ಇದನ್ನು ಬಳಸಲೂ ಬಾರದು, ಇಟ್ಟುಕೊಳ್ಳಲೂ ಬಾರದು. ಗೋದಾಮುಗಳಲ್ಲಿ ತರಬೇತಿ ಪಡೆದವರು ಮಾಡುವ ಕೆಲಸ ಅದು. ಮನೆಯ ಧಾನ್ಯಕ್ಕೆ ಚೆನ್ನಾದ ಬಿಸಿಲು, ಗಾಳಿಯಾಡದ ಡಬ್ಬಿ ಸಾಕು.

ಮನುಷ್ಯರ ಪತ್ತಾಯ

ಕೊನೆಯದಾಗಿ ನಮ್ಮ ದೇಹದ ಮಾತು. ಸಕ್ಕರೆ ಕಾಯಿಲೆಯನ್ನು ನಾವು ‘ಸಕ್ಕರೆ ಹೆಚ್ಚಾಗುವುದು’ ಎನ್ನುತ್ತೇವೆ. ಕೋಶದ ಕಡೆಯಿಂದ ನೋಡಿದರೆ ಅದು ಹಸಿವಿನ ಕಾಯಿಲೆ. ಇನ್ಸುಲಿನ್ ಇಲ್ಲದಿದ್ದರೆ ಅಥವಾ ಅದರ ಮಾತು ನಡೆಯದಿದ್ದರೆ ರಕ್ತದ ಸಕ್ಕರೆ ಮಾಂಸಖಂಡದೊಳಗೆ ಸರಿಯಾಗಿ ಸೇರುವುದಿಲ್ಲ. ಹೊರಗೆ ತುಂಬಿ ಹರಿದರೂ ಒಳಗೆ ಬರಗಾಲ. ಬಹಳ ಸುಸ್ತು, ಬಾಯಾರಿಕೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ದಿನವೂ ನಡೆಯುವುದು, ತೋಟದಲ್ಲಿ ದುಡಿಯುವುದು ಒಳ್ಳೆಯ ಮದ್ದು. ಏಕೆಂದರೆ ದುಡಿಯುವ ಮಾಂಸಖಂಡ ಸಕ್ಕರೆಯನ್ನು ಹೆಚ್ಚು ಸುಲಭವಾಗಿ ಒಳಗೆಳೆದುಕೊಳ್ಳುತ್ತದೆ.

ತಪಸ್ಸುಕಾಲದಲ್ಲಿ ಉಪವಾಸ ಮಾಡುವವರು ಬಹಳ ಮಂದಿ. ಆರೋಗ್ಯವಂತರಿಗೆ ಒಂದು ದಿನದ ಉಪವಾಸದಿಂದ ತೊಂದರೆಯಿಲ್ಲ. ಪಿತ್ತಜನಕಾಂಗದ ಗ್ಲೈಕೋಜನ್ ಸುಮಾರು ಒಂದು ದಿನಕ್ಕೆ ಬರುತ್ತದೆ, ಆಮೇಲೆ ಕೊಬ್ಬು ಕರಗುತ್ತದೆ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಮದ್ದು ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ, ಊಟ ಬಂದಿರುವುದಿಲ್ಲ. ಬೆವರು, ನಡುಕ, ಗಲಿಬಿಲಿ ಕಂಡರೆ, ಎಚ್ಚರವಿರುವಾಗಲೇ ಸಕ್ಕರೆ ನೀರು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ನೆನಪಿನಲ್ಲಿಡಿ

1. ಮಳೆಗಾಲಕ್ಕೆ ಮೊದಲು ತೋಟದ ಕಣಿಗಳನ್ನು ಬಿಡಿಸಿ. ಹಳದಿಯಾದ ಗಿಡಕ್ಕೆ ಗೊಬ್ಬರ ಹಾಕುವ ಮೊದಲು ಬುಡದಲ್ಲಿ ನೀರು ನಿಂತಿದೆಯೇ ನೋಡಿ.

2. ಬಿತ್ತನೆ ಭತ್ತವನ್ನು ಚೆನ್ನಾಗಿ ಒಣಗಿಸಿ ಇಡಿ. ಗೋಟಡಿಕೆಯನ್ನು ಒಣಗಲು ಬಿಡಬೇಡಿ.

3. ಮೊಳಕೆಗೆ ಇಟ್ಟ ಭತ್ತದ ಗೋಣಿಯನ್ನು ಬಿಗಿದು ಕಟ್ಟಬೇಡಿ. ಆಗಾಗ ಮಗುಚಿ.

4. ಅತಿಯಾಗಿ ಪಾಲಿಶ್ ಮಾಡಿದ ಅಕ್ಕಿ ಬೇಡ. ಗಂಜಿಯ ತಿಳಿ ಚೆಲ್ಲಬೇಡಿ.

5. ಮರಗೆಣಸನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ. ಅದರ ಸಿಪ್ಪೆ, ಸೊಪ್ಪುಗಳನ್ನು ದನಕ್ಕೆ ಸಿಗದಂತೆ ಇಡಿ.

6. ಧಾನ್ಯದ ವಿಷಮಾತ್ರೆ ಮನೆಯೊಳಗೆ ಬೇಡವೇ ಬೇಡ.

7. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಉಪವಾಸ ಮಾಡಿ.

ಪತ್ತಾಯ ತುಂಬಿಸಲು ನಾವು ವರ್ಷವಿಡೀ ದುಡಿಯುತ್ತೇವೆ. ಕಣಿ ಬಿಡಿಸುವುದು, ಬೀಜ ಒಣಗಿಸುವುದು, ಮರಗೆಣಸಿನ ನೀರು ಚೆಲ್ಲುವುದು ಇವೆಲ್ಲ ಅರ್ಧ ದಿನದ, ಅರ್ಧ ಗಂಟೆಯ ಕೆಲಸಗಳು. ದುಡಿಮೆಯ ಫಲ ಉಳಿಯುವುದು ಇವುಗಳಿಂದ.